ರಾಶಿಯಲ್ಲಿ ಸಿಕ್ಕ ತಾಮ್ರದ ಬಿಲ್ಲೆ: ಅರ್ಧ ಅಕ್ಷರದಿಂದ ಗುರುತು ಹಿಡಿಯುವುದು

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅದು ಮುಗಿದ ಮೇಲೆ ಹಳೆ ನಾಣ್ಯ ಹಿಡಿದು ನನ್ನ ಹತ್ತಿರ ಬರುವವರು ಜಾಸ್ತಿ. ವ್ಯಾಪಾರಿಗಳು ಗೋಣಿತಟ್ಟಿನ ಮೇಲೆ ಸುರಿದ ನಾಣ್ಯದ ರಾಶಿಯಿಂದ ಹೆಕ್ಕಿ ತಂದಿರುತ್ತಾರೆ. "ಪೂರ್ತಿ ಸವೆದಿದೆ, ಏನೂ ಓದೋಕಾಗಲ್ಲ" ಎನ್ನುತ್ತಲೇ ಮೇಜಿನ ಮೇಲೆ ಇಡುತ್ತಾರೆ.

ಎಷ್ಟೋ ಸಲ ಅದು ಸವೆದಿರುವುದೇ ಇಲ್ಲ. ಟಂಕಸಾಲೆಯಲ್ಲಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಹಾಗಾಗಿ ಬರಹದ ಒಂದು ಭಾಗ ಮಾತ್ರ ಲೋಹದ ಮೇಲೆ ಬೀಳುತ್ತಿತ್ತು, ಉಳಿದದ್ದು ಅಂಚಿನ ಹೊರಗೆ ಹೋಗುತ್ತಿತ್ತು. ಪೂರ್ತಿ ಬರಹ ಮೊದಲೇ ಬಾಯಿಗೆ ಬಂದಿದ್ದರೆ ತುಂಡು ಅಕ್ಷರವೂ ಮಾತಾಡುತ್ತದೆ.

ನಮ್ಮ ಕಡೆಯ ರಾಶಿಗಳಲ್ಲಿ ಹೆಚ್ಚು ಸಿಗುವುದು ಶಿವರಾಯಿ, ಅಂದರೆ ಶಿವಾಜಿಯ ಹೆಸರಿರುವ ಮರಾಠರ ತಾಮ್ರದ ನಾಣ್ಯ. ಒಂದು ಬದಿಯಲ್ಲಿ ನಾಗರಿ ಲಿಪಿಯ ಮೂರು ಸಾಲು: ಶ್ರೀ, ರಾಜಾ, ಶಿವ. ಇನ್ನೊಂದು ಬದಿಯಲ್ಲಿ ಎರಡು ಸಾಲು: ಛತ್ರ, ಪತಿ. ಹೋದ ವಾರ ಬಂದ ಒಂದರಲ್ಲಿ ಕಂಡದ್ದು ಇಷ್ಟೇ: ಮೇಲೆ ಬಳುಕಿದ ಒಂದು ಗೆರೆ, ಕೆಳಗೆ ಒಂದು ಕಂಬ, ಅದರ ಎಡಕ್ಕೆ ಸಣ್ಣ ಬಟ್ಟಲು. ಬಳುಕಿದ್ದು ಛತ್ರದ 'ಛ', ಬಟ್ಟಲು ಪತಿಯ 'ಪ'. ಸುತ್ತ ಚುಕ್ಕಿಗಳ ಸಾಲೂ ಒಂದು ಕಡೆ ಉಳಿದಿತ್ತು. ಅಷ್ಟು ಸಾಕು.

ಆದರೆ ಶಿವಾಜಿಯ ಹೆಸರಿದ್ದ ಮಾತ್ರಕ್ಕೆ ಅದು ಶಿವಾಜಿಯ ಕಾಲದ್ದಾಗುವುದಿಲ್ಲ. 1674ರಲ್ಲಿ ಪಟ್ಟಾಭಿಷೇಕವಾಯಿತು. ಅದೇ ಹೆಸರಿನಲ್ಲಿ ಪೇಶ್ವೆಗಳ ಕಾಲದವರೆಗೂ ತಾಮ್ರ ಹೊಡೆಯುತ್ತಲೇ ಇದ್ದರು. ಛತ್ರ, ಪತಿ ಸಾಲುಗಳ ನಡುವೆ ಜೋಡಿ ಗೆರೆ ಇದ್ದರೆ ಅದು ದುದಾಂಡಿ ಎಂಬ ಬಗೆಯ ಶಿವರಾಯಿ, ತಡವಾಗಿ ಬಂದದ್ದು. ಎಲ್ಲವನ್ನೂ "ಮಹಾರಾಜರ ಕಾಲದ್ದು" ಅಂತ ಒಂದೇ ಬೆಲೆಗೆ ಮಾರುವುದು ನನಗೆ ಸರಿ ಕಾಣುವುದಿಲ್ಲ. ಕೊಳ್ಳುವವರು ಭಕ್ತಿಯಿಂದ ಕೊಡುವ ದುಡ್ಡು ಅದು.

ನನಗೆ ಎಲ್ಲಕ್ಕಿಂತ ಪ್ರೀತಿಯದ್ದು ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ತಾಮ್ರ. ಅವನ ಆಳ್ವಿಕೆ 1580ರಿಂದ 1627. ವಿಜಯಪುರ ಇಲ್ಲಿಂದ ನೂರು ಕಿಲೋಮೀಟರ್ ಅಷ್ಟೇ, ಹಾಗಾಗಿ ರಾಶಿಯಲ್ಲಿ ಆಗಾಗ ಕೈಗೆ ಬರುತ್ತದೆ. ಲಿಪಿ ಪರ್ಷಿಯನ್, ಅದಕ್ಕೇ ನಮ್ಮವರು ಬದಿಗೆ ತಳ್ಳಿಬಿಡುತ್ತಾರೆ. ಅದರ ಮೇಲಿನ ಮಾತು ಕೇಳಿ: 'ಇಬ್ರಾಹಿಂ ಅಬಲಾ ಬಲಿ'. ದುರ್ಬಲರಿಗೆ ಬಲ ಎಂದು ಅರ್ಥ ಮಾಡುತ್ತಾರೆ. ಅಬಲ, ಬಲ ಎರಡೂ ನಾವು ದಿನಾ ಆಡುವ ಮಾತು, ಅಲ್ವಾ? ಆ ಲಿಪಿಯ ಲಾಮ್ (ಲ) ಮತ್ತು ಅಲಿಫ್ (ಆ) ಎಂಬ ಅಕ್ಷರಗಳು ಸೇರಿದಾಗ ತೆರೆದ ಕತ್ತರಿಯ ಹಾಗೆ ಕಾಣುತ್ತದೆ. 'ಅಬಲಾ'ದಲ್ಲಿ ಮೊದಲು ಆ ಕತ್ತರಿ ಹುಡುಕಿ. ಹಿಂಬದಿಯ 'ಗುಲಾಮ್ ಅಲಿ ಮುರ್ತಜಾ' (ಅಲಿ ಮುರ್ತಜಾನ ಸೇವಕ) ಎಂಬುದರಲ್ಲೂ 'ಗುಲಾಮ್' ಒಳಗೆ ಅದೇ ಜೋಡಿ ಇದೆ. ಚಾದರ ಮಗ್ಗದಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿಗೆ ಇದನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ಅವನು ಅಕ್ಷರದ ಮೇಲೆ ಬೆರಳಿಟ್ಟು ಮೂರು ಸಲ ಓದಿದ.

ಇನ್ನೂ ಹಳೆಯವು ಶಾತವಾಹನರದ್ದು. ಧಾರಾಶಿವ ಜಿಲ್ಲೆಯ ತೇರ್ ಅವರ ಕಾಲದ ದೊಡ್ಡ ವ್ಯಾಪಾರದ ಊರು. ನಾಣ್ಯದ ಒಂದು ಬದಿಯಲ್ಲಿ ಸೊಂಡಿಲೆತ್ತಿದ ಆನೆ, ಇನ್ನೊಂದು ಬದಿಯಲ್ಲಿ ಕೂಡು ಗುರುತಿನ ನಾಲ್ಕು ತುದಿಗೆ ನಾಲ್ಕು ಗುಂಡು ಇದ್ದರೆ ಪಕ್ಕಕ್ಕೆ ಎತ್ತಿಡಿ. ಅದು ಉಜ್ಜಯಿನಿ ಚಿಹ್ನೆ. ಅವರ ಕೆಲವು ನಾಣ್ಯ ಸೀಸದ್ದು. ಗಾತ್ರಕ್ಕಿಂತ ಭಾರ, ಮೇಲೆ ಬಿಳಿ ಪುಡಿ. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು.

ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818, ಹನುಮಂತನ ಚಿತ್ರ ಇರುವ ಬಿಲ್ಲೆ ಪ್ರತಿ ರಾಶಿಯಲ್ಲೂ ಇರುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ದೇವರ ಮನೆಯಲ್ಲಿಡಲು ತೊಂದರೆ ಇಲ್ಲ, ಸಾವಿರಗಟ್ಟಲೆ ಕೊಡಬೇಡಿ. ಉಳಿದ ನಕಲಿಗಳಿಗೆ ಅಂಚು ನೋಡಿ. ಸುತ್ತಲೂ ಸಣ್ಣ ಏಣು ಇದ್ದರೆ, ಮೈಮೇಲೆ ಗುಳ್ಳೆಯಂಥ ತೂತುಗಳಿದ್ದರೆ ಎರಕ ಹೊಯ್ದದ್ದು ಎಂಬ ಅನುಮಾನ ಇರಲಿ.

ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಂಬಿಗೆಯ ಹಾಗೆ ಹೊಳೆಯುತ್ತದೆ ನಿಜ. ಅಕ್ಷರದ ಅಂಚಿನಲ್ಲಿ ನಿಂತ ಕಪ್ಪು-ಹಸಿರು ಪದರವೂ ಹೋಗುತ್ತದೆ, ಓದಲು ಆಸರೆಯಾಗುವುದು ಅದೇ. ಅಕ್ಕಲಕೋಟೆಯ ಒಂದು ಮನೆಯಿಂದ ಬಂದ ಡಬ್ಬಿಯಲ್ಲಿ ನಲವತ್ತು ನಾಣ್ಯ ಹೀಗೇ ಬೋಳಾಗಿದ್ದವು. ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ತಾಮ್ರಕ್ಕೆ ಮಣ್ಣು ಹತ್ತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ಕೆಲವು ದಿನ ನೆನೆಹಾಕಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಆಮೇಲೆ ಕೋಣೆಯ ದೊಡ್ಡ ದೀಪ ಆರಿಸಿ ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು, ನಾಣ್ಯವನ್ನು ಸುಮ್ನೆ ಒಂದು ಸುತ್ತು ತಿರುಗಿಸಿ. ಕಾಣದ ಅಕ್ಷರದ ನೆರಳು ಬೀಳುತ್ತದೆ.

ಹೊಲ ಉಳುವಾಗ ನಾಣ್ಯ ತುಂಬಿದ ಗಡಿಗೆ ಸಿಕ್ಕಿದರೆ ಮಾತ್ರ ವ್ಯಾಪಾರಿಯ ಹತ್ತಿರ ಹೋಗಬೇಡಿ. 1878ರ ನಿಧಿ ಕಾಯ್ದೆ ಪ್ರಕಾರ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಗಡಿಗೆ, ಅದರ ಬಾಯಿಗೆ ಮುಚ್ಚಿದ ಚೂರು, ಮಣ್ಣು ಎಲ್ಲವೂ ಇದ್ದ ಹಾಗೇ ಇರಲಿ.