ಎರಡನೇ ಸಲ ಫೋನ್ ಮಾಡಿದವರೇ ಗಿರಾಕಿ

ಕಳೆದ ಶ್ರಾವಣದಲ್ಲಿ ಕಮಲಾಪುರದ ಹತ್ತಿರ ಒಂದು ಟೊಮೆಟೊ ಹೊಲದಲ್ಲಿ ಕಳೆ ತೆಗೆಯುವ ಯಂತ್ರ ಓಡಿಸಿ ತೋರಿಸಿದೆವು. ನಲವತ್ತಕ್ಕೂ ಜಾಸ್ತಿ ರೈತರು ಬಂದಿದ್ದರು. ಕ್ಯಾಮೆರಾ ಸಾಲು ನೋಡಿಕೊಂಡು ಹೋಗುವುದು, ಸಸಿ ಬಂದ ಕಡೆ ಬ್ಲೇಡು ತಾನೇ ಸರಿಯುವುದು, ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡರು. ‘ಭಾಳ ಛಲೋ ಅದರಿ ಸರ’ ಅಂದರು. ಇಪ್ಪತ್ತಾರು ಜನ ಹೆಸರು ಬರೆಸಿದರು. ಹಂಗಾಮು ಬಂದಾಗ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ದುಡ್ಡು ಕೊಟ್ಟು ಕರೆಸಿಕೊಂಡವರು ಮೂವರು.

ಅವರು ಸುಳ್ಳು ಹೇಳಿರಲಿಲ್ಲ. ಹೊಲಕ್ಕೆ ಬಂದವರ ಮುಖಕ್ಕೆ ಹೊಡೆದ ಹಾಗೆ ‘ಬ್ಯಾಡ’ ಅನ್ನುವುದು ನಮ್ಮ ಕಡೆ ರೂಢಿ ಇಲ್ಲ, ಅಲ್ವಾ? ನಾನು ಕೇಳಿದ್ದೇ ತಪ್ಪು. ‘ತಗೊತೀರಾ?’ ಅಂತ ಕೇಳಿದರೆ ‘ನೋಡಣ್ರಿ’ ಅಂತಾರೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ‘ಸಬ್ಸಿಡಿ ಅದ ಏನ್ರಿ?’ ಆಗ ಹೆಸರು ಬರೆಸುವುದು ಸಬ್ಸಿಡಿಗೆ. ಕಳೆಯ ಕಾಟ ಎಷ್ಟಿದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಈಗ ನಾನು ಮುಂದಿನ ವರ್ಷದ ಮಾತೇ ಎತ್ತುವುದಿಲ್ಲ. ಹೋದ ವರ್ಷದ ಲೆಕ್ಕ ಕೇಳುತ್ತೇನೆ. ಎಷ್ಟು ಸಲ ಕಸ, ಅಂದರೆ ಕಳೆ, ತೆಗೆಸಿದಿರಿ? ಎಷ್ಟು ಆಳು ಬಂದರು? ಕರೆದ ದಿನವೇ ಬಂದರೋ, ಎಂಟು ದಿನ ತಡವಾಯಿತೋ? ಈ ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕಿದರೆ ಅಲ್ಲಿ ಕೆಲಸ ಇದೆ ಅಂತ ಅರ್ಥ. ತೊಗರಿ, ಹತ್ತಿಯ ಕಸ ಬಂದ ಹೊತ್ತಿಗೇ ತರಕಾರಿಯ ಕಸವೂ ಬರುತ್ತದೆ. ಎರಡೆಕರೆ ಟೊಮೆಟೊದವನಿಗಿಂತ ಮೊದಲು ಇಪ್ಪತ್ತೆಕರೆ ತೊಗರಿಯವನು ಆಳು ಹಿಡಿದಿರುತ್ತಾನೆ.

ಆಮೇಲೆ ಹಣದ ಲೆಕ್ಕ. ಒಂದು ಎಕರೆ ಟೊಮೆಟೊಗೆ ಒಂದು ಸಲಕ್ಕೆ 15 ಹೆಣ್ಣಾಳು, ತಲಾ 300 ರೂಪಾಯಿ ಅಂತ ಹಿಡಿಯಿರಿ. 4,500 ಆಯಿತು. ಯಂತ್ರ ಸಾಲಿನ ನಡುವಿನ ಕಳೆ ತೆಗೆಯುತ್ತದೆ. ಗಿಡದ ಬುಡದ್ದು ಅಷ್ಟಿಷ್ಟು ಉಳಿಯುತ್ತದೆ. ಅದಕ್ಕೆ 5 ಆಳು ಸಾಕಾದರೆ ಕೂಲಿ 1,500, ಯಂತ್ರದ ಬಾಡಿಗೆ 1,500. ರೈತನಿಗೆ 1,500 ಉಳಿಯಿತು. 9 ಆಳು ಬೇಕಾದರೆ ಉಳಿಯುವುದು ಬರೀ 300. ಅಷ್ಟಕ್ಕೆ ಯಾರೂ ಫೋನ್ ಮಾಡುವುದಿಲ್ಲ. ಹಾಗಾಗಿ ಯಂತ್ರ ಎಷ್ಟು ವೇಗವಾಗಿ ಓಡಿತು ಅಂತ ನಾನು ಬರೆದುಕೊಳ್ಳುವುದಿಲ್ಲ, ಅದು ಹೋದ ಮೇಲೆ ಎಷ್ಟು ಆಳು ಬೇಕಾಯಿತು ಅಂತ ಬರೆದುಕೊಳ್ಳುತ್ತೇನೆ.

ಇದನ್ನು ನನಗೆ ಕಲಿಸಿದ್ದು ಆಳುಗಳ ಗುಂಪು ಕಟ್ಟಿಕೊಂಡು ಬರುವ ಒಬ್ಬ ಹೆಣ್ಣುಮಗಳು. ಯಂತ್ರ ಹೋದ ಸಾಲಿನಲ್ಲಿ ಕೂತು, ಕುರ್ಪಿಯ ತುದಿಯಿಂದ ಮಣ್ಣು ಕೆದಕಿ ಜೇಕು ಅನ್ನುವ ಕಳೆಹುಲ್ಲಿನ ಒಂದು ಗಡ್ಡೆ ಎತ್ತಿ ನನ್ನ ಅಂಗೈಗೆ ಹಾಕಿದಳು. ಕಡಲೆಕಾಳಿನಷ್ಟಿತ್ತು. ‘ನಿಮ್ಮ ಮಿಷಿನ್ ಮ್ಯಾಲಿಂದು ಕತ್ತರಸ್ತದ ಅಣ್ಣಾ. ಇದು ಒಳಗ ಹಂಗೇ ಅದ. ವಾರದಾಗ ಮತ್ತ ಬರ್ತದ’ ಅಂದಳು. ಖರೇ ಮಾತು. ಜೇಕು ಗಡ್ಡೆಯಿಂದ ಮತ್ತೆ ಚಿಗುರುತ್ತದೆ. ಅದು ತುಂಬಿದ ಹೊಲದಲ್ಲಿ ಪ್ರಯೋಗ ಮಾಡಿ ಯಂತ್ರದ ಹೆಸರು ಕೆಡಿಸಿಕೊಳ್ಳಬಾರದು. ನಿಮಗೆ ಕೆಲಸ ಹೋಗುತ್ತದೆ ಅನ್ನುವ ಭಯ ಇಲ್ಲವಾ ಅಂತ ಕೇಳಿದೆ. ‘ಕುಂತು ಕುಂತು ಮೊಣಕಾಲು ಹೋಗ್ಯಾವ. ನಡುವಿಂದು ಅದು ಮಾಡ್ಲಿ, ಬುಡದ್ದು ನಾವು ತೆಗಿತೀವಿ. ಪಗಾರ ಮಾತ್ರ ಕಡಿಮಿ ಮಾಡಬ್ಯಾಡ್ರಿ’ ಅಂದಳು. ಯಂತ್ರ ಮಾಡುವವರು ಈಕೆಯಂಥವರನ್ನು ಮೊದಲು ಮಾತಾಡಿಸಬೇಕು. ಮಾಲೀಕನಿಗಿಂತ ಹೊಲ ಇವರಿಗೇ ಚೆನ್ನಾಗಿ ಗೊತ್ತು.

ಹೊಲ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಲೆಟ್ಯೂಸ್ ಸೊಪ್ಪಿಗೆ 40 ಇಲ್ಲವೇ 80 ಇಂಚಿನ ಮಡಿ ಹಾಕುತ್ತಾರೆ. ಕ್ಯಾಮೆರಾ ಯಂತ್ರಗಳು ಅಂಥ ಅಳತೆ ನಂಬಿಕೊಂಡು ಬೆಳೆದವು. ನಮ್ಮಲ್ಲಿ ಹಗ್ಗ ಹಿಡಿದು ನಾಟಿ ಮಾಡಿದರೂ ಸಾಲು ನಡುವೆ ಒಂದು ಗೇಣು ಸೊಟ್ಟ ಆಗಿರುತ್ತದೆ. ಉಳ್ಳಾಗಡ್ಡಿಗೆ ಕಳೆಯ ಕಾಟ ಬಹಳ, ಎಲೆ ಸಣ್ಣ, ನೆರಳು ಕೊಡುವುದಿಲ್ಲ. ಆದರೆ 15 ಸೆಂಟಿಮೀಟರ್ ಸಾಲಿನಲ್ಲಿ ಯಂತ್ರ ನುಗ್ಗಿಸುವುದು ಎಲ್ಲಿ? ಕಳೆ ಏಳದ ಹಾಗೆ ಮಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮಲ್ಚಿಂಗ್ ಹಾಳೆ ಹಾಸಿದವರಿಗೆ ನಮ್ಮ ಯಂತ್ರ ಬೇಕಾಗಿಯೇ ಇಲ್ಲ. ಉಳಿಯುವುದು ಅಗಲ ಸಾಲಿನ ಟೊಮೆಟೊ, ಬದನೆ, ಮೆಣಸಿನಕಾಯಿ. ಅದಷ್ಟೇ ಸಾಕು ಶುರು ಮಾಡಲಿಕ್ಕೆ.

ಎರೆ ಮಣ್ಣಿನದು ಬೇರೆಯೇ ಕಥೆ. ಮಳೆ ಬಿದ್ದರೆ ಚಕ್ರಕ್ಕೆ ಮಣ್ಣು ಅಂಟಿ ಯಂತ್ರ ನಿಂತೇ ಹೋಗುತ್ತದೆ. ಒಣಗಿದರೆ ಬ್ಲೇಡು ಇಳಿಯುವುದಿಲ್ಲ, ಹೆಂಟೆ ಏಳುತ್ತದೆ. ಹದ ಇರುವುದು ನಡುವಿನ ಕೆಲವೇ ದಿನ. ಎಲ್ಲರೂ ಅದೇ ದಿನಗಳಲ್ಲಿ ಕರೆಯುತ್ತಾರೆ. ಬೀದರ್ ಸುತ್ತಿನ ಕೆಂಪು ಮಣ್ಣಿನಲ್ಲಿ ಮಳೆ ನಿಂತ ಮೇಲೆ ಬೇಗ ಇಳಿಯಬಹುದು. ಹಾಗಾಗಿ ಒಂದು ಯಂತ್ರ ಹಂಗಾಮಿನಲ್ಲಿ ಎಷ್ಟು ಎಕರೆ ದುಡಿಯುತ್ತದೆ ಅನ್ನುವ ಲೆಕ್ಕ ಎರಡೂ ಮಣ್ಣಿಗೆ ಬೇರೆ ಬೇರೆ ಹಾಕಬೇಕು.

ಯಂತ್ರ ಮಾರುವ ಆತುರವೂ ಬೇಡ. ಇಂಥದೇ ಯಂತ್ರ ಮಾಡಿದ ಅಮೆರಿಕದ ಫಾರ್ಮ್‌ವೈಸ್ ಕಂಪನಿ ಶುರುವಿನಲ್ಲಿ ತಾನೇ ಓಡಿಸಿ, ಎಕರೆ ಲೆಕ್ಕದಲ್ಲಿ ಬಾಡಿಗೆ ತಗೊಂಡಿತು. ನಾನೂ ಹಾಗೇ ಮಾಡುತ್ತೇನೆ. ಸುಮ್ನೆ ಓಡಿಸಿ ತೋರಿಸುವುದು ಬಿಟ್ಟೆ. 500 ರೂಪಾಯಿ ಮುಂಗಡ ಕೊಟ್ಟವರ ಹೊಲಕ್ಕೆ ಮಾತ್ರ ಹೋಗುತ್ತೇನೆ. ಮೊದಲ ಸಲ ಕುತೂಹಲಕ್ಕೂ ಕರೆಸುತ್ತಾರೆ. ಇಪ್ಪತ್ತು ದಿನದ ಮೇಲೆ ಮತ್ತೆ ಕಳೆ ಬಂದಾಗ ತಾವಾಗಿ ಕರೆಯುತ್ತಾರಾ ಅಂತ ಕಾಯುತ್ತೇನೆ. ನಾನಾಗಿ ಫೋನ್ ಮಾಡುವುದಿಲ್ಲ.

ಆ ಮೂವರಲ್ಲಿ ಇಬ್ಬರು ಮತ್ತೆ ಕರೆದರು. ಮೂರನೆಯವರ ಹೊಲಕ್ಕೆ ಹೋಗಿ ನೋಡಿ ಬಂದೆ, ಜೇಕು ಮೊಣಕಾಲುದ್ದ ಎದ್ದಿತ್ತು. ಕರೆದವರಲ್ಲಿ ಒಬ್ಬರು ಶಹಾಪುರ ಕಡೆಯ ಮೆಣಸಿನಕಾಯಿ ಬೆಳೆಗಾರರು. ಬಾಡಿಗೆ ಎಷ್ಟು ಅಂತ ಕೇಳಲೇ ಇಲ್ಲ. ‘ಶುಕ್ರವಾರದೊಳಗ ಬರ್ತೀರಿ ಏನ್ರಿ? ಮಳಿ ಮಾಡ ಆಗ್ಯದ’ ಅಂದರು.