96 ಕೇಳಿತು, 88 ಸಿಕ್ಕಿತು

ಪ್ರಶ್ನೆ: ಶಿರಸಿಯಲ್ಲಿ ಓದುತ್ತಿದ್ದೇನೆ. ಮಳೆಗೂ ಅಡಿಕೆಯ ಕೊಳೆರೋಗಕ್ಕೂ ಇರುವ ನಂಟು ನೋಡಲು ಹವಾಮಾನ ಇಲಾಖೆಯ ಮಳೆ ಫೈಲುಗಳನ್ನು ಪೈಥಾನ್‌ನಲ್ಲಿ ತೆರೆಯುತ್ತಿದ್ದೆ. ಕಳೆದ ವಾರ ಹೊಸದೊಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಹಾಕಿಕೊಂಡೆ. ಈಗ ಕೋಷ್ಟಕಗಳ ಲೈಬ್ರರಿಯಾದ ಪಾಂಡಾಸ್ ಇಂಪೋರ್ಟ್ ಮಾಡಿದ ಕೂಡಲೇ, ಅದು ನೆಚ್ಚಿಕೊಂಡಿರುವ ಸಂಖ್ಯೆಗಳ ಲೈಬ್ರರಿ ನಮ್‌ಪೈಯ ಡಿಟೈಪ್‌ನ (ಸಂಖ್ಯೆ ಯಾವ ಬಗೆಯದೆಂದು ಹೇಳುವ ರಚನೆ) ಅಳತೆ ಬದಲಾಗಿದೆ, 96 ಬೇಕಿತ್ತು, 88 ಸಿಕ್ಕಿತು ಎಂಬ ಎರರ್. ಕೋಡಿನ ಒಂದಕ್ಷರವನ್ನೂ ಮುಟ್ಟಿಲ್ಲ. ಎಲ್ಲ ಕಿತ್ತು ಮತ್ತೆ ಹಾಕಬೇಕೆ?

ಉತ್ತರ: ಬೇಡ. ಮಳೆಗಾಲದ ನೆಟ್‌ವರ್ಕ್ ನಂಬಿಕೊಂಡು ಅಷ್ಟೆಲ್ಲ ಇಳಿಸುತ್ತ ಕೂರುವ ಶಿಕ್ಷೆ ಯಾರಿಗೂ ಬೇಡ. ಮಳೆ ಫೈಲುಗಳಿಗೂ ಏನೂ ಆಗಿಲ್ಲ. ಅವನ್ನು ತೆರೆಯುವ ಹಂತಕ್ಕೇ ಪ್ರೋಗ್ರಾಂ ಬಂದಿಲ್ಲ.

ಆ ಎರಡು ಸಂಖ್ಯೆಗಳು ಬೈಟ್‌ಗಳ ಲೆಕ್ಕ. ಪಾಂಡಾಸ್‌ನ ಒಳಭಾಗ ಮೊದಲೇ ಕಂಪೈಲ್ ಆಗಿ, ಅಂದರೆ ಯಂತ್ರಭಾಷೆಗೆ ಬದಲಾಗಿ, ನಿಮ್ಮ ಕೈಗೆ ಬರುತ್ತದೆ. ನಿಮ್ಮಲ್ಲಿರುವ ಪಾಂಡಾಸ್ ಕಂಪೈಲ್ ಆದದ್ದು ನಮ್‌ಪೈ 1.ಎಕ್ಸ್ ಸರಣಿಯನ್ನು ಎದುರಿಗಿಟ್ಟುಕೊಂಡು; ಅಲ್ಲಿ ಡಿಟೈಪ್ ರಚನೆ 96 ಬೈಟ್. 2024ರ ಜೂನ್‌ನಲ್ಲಿ ಬಂದ ನಮ್‌ಪೈ 2.0 ಅದನ್ನು ಬದಲಿಸಿತು. ಬಡಗಿ ಹಳೆ ದಾರಂದದ ಅಳತೆಗೆ ಬಾಗಿಲು ಮಾಡಿ ತಂದಿದ್ದಾನೆ, ಮನೆಯವರು ಅಷ್ಟರಲ್ಲಿ ದಾರಂದವನ್ನೇ ಬದಲಿಸಿದ್ದಾರೆ.

ಬದಲಿಸಿದ್ದು ಬಹುಶಃ ನಿಮ್ಮ ಹೊಸ ಲೈಬ್ರರಿ. ತನಗೆ ಬೇಕೆಂದು ನಮ್‌ಪೈ 2 ಅನ್ನು ಎಳೆದುಕೊಂಡು ಬಂದಿರುತ್ತದೆ. ಹಳೆ ಪಾಂಡಾಸ್‌ನ ಹಲವು ಆವೃತ್ತಿಗಳು ‘ಇಷ್ಟಕ್ಕಿಂತ ಹೊಸ ನಮ್‌ಪೈ ಸಾಕು’ ಎಂದಷ್ಟೇ ಬರೆದುಕೊಂಡಿದ್ದವು, ಮೇಲಿನ ಮಿತಿ ಹಾಕಿರಲಿಲ್ಲ. ನಿಮ್ಮದೂ ಅಂಥದ್ದಾದರೆ ಪಿಪ್ ಚೆಕ್ (ಲೈಬ್ರರಿ ಹಾಕುವ ಪಿಪ್‌ನ ತಪಾಸಣೆ) ಓಡಿಸಿದರೂ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ಅದು ನೋಡುವುದು ಬರೆದಿಟ್ಟ ಷರತ್ತನ್ನು, ಬಾಗಿಲಿನ ಅಳತೆಯನ್ನಲ್ಲ.

ಪಾಂಡಾಸ್ ಅನ್ನು 2.2.2ಕ್ಕೋ ಅದರಾಚೆಗೋ ಏರಿಸಿದರೆ ಮುಗಿಯಿತು. ನಮ್‌ಪೈ 2ಕ್ಕೆ ಕಂಪೈಲ್ ಆದದ್ದು 1.ಎಕ್ಸ್ ಜೊತೆಗೂ ಓಡಬಲ್ಲದು, 1.ಎಕ್ಸ್‌ಗೆ ಕಂಪೈಲ್ ಆದದ್ದು 2ರ ಜೊತೆ ಓಡುವುದಿಲ್ಲ. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಿದ್ದರೆ ಮಾತ್ರ ನಾನು ನಮ್‌ಪೈಯನ್ನೇ 1.26.4ಕ್ಕೆ ಇಳಿಸುತ್ತೇನೆ, ಆದರೆ ಹೊಸ ಲೈಬ್ರರಿ ಅದಕ್ಕೆ ಒಪ್ಪಬೇಕು. ಪೈಥಾನ್ 3.13 ಇದ್ದರೆ ಈ ದಾರಿ ಹಿಡಿಯಬೇಡಿ. ಅದಕ್ಕೆ 1.26.4ರ ಸಿದ್ಧ ಪ್ಯಾಕೇಜ್ ಇಲ್ಲ, ಪಿಪ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಪಾಂಡಾಸ್ ಸರಿಹೋದ ಮೇಲೆ ಮಳೆ ಫೈಲು ತೆರೆಯುವ ಲೈಬ್ರರಿ ನೆಟ್‌ಸಿಡಿಎಫ್4 ಇದೇ ರಾಗ ತೆಗೆದರೆ ಮದ್ದೂ ಇದೇ.

ಎಲ್ಲ ಮಾಡಿಯೂ ಎರರ್ ಹೋಗದಿದ್ದರೆ ಕೋಡ್ ಓಡಿಸುವ ನೋಟ್‌ಬುಕ್ ಆದ ಜುಪಿಟರ್ ಮೇಲೆ ಅನುಮಾನ ಪಡಿ. ಕರ್ನಲ್ (ನೋಟ್‌ಬುಕ್‌ನ ಹಿಂದೆ ಓಡುವ ಪೈಥಾನ್) ರೀಸ್ಟಾರ್ಟ್ ಮಾಡದಿದ್ದರೆ ಹಳೆಯದೇ ಮೆಮೊರಿಯಲ್ಲಿರುತ್ತದೆ. ಕೆಲವೊಮ್ಮೆ ಟರ್ಮಿನಲ್ ಒಂದು ಪೈಥಾನ್ ಬಳಸಿದರೆ ನೋಟ್‌ಬುಕ್ ಇನ್ನೊಂದನ್ನು ಬಳಸುತ್ತಿರುತ್ತದೆ. ಹಾಗಾಗಿ ಆವೃತ್ತಿಯನ್ನು ನೋಟ್‌ಬುಕ್ ಒಳಗೇ ಪ್ರಿಂಟ್ ಮಾಡಿ ನೋಡಿ. ನಾನು ಒಂದು ಸಂಜೆಯಿಡೀ ಕಳೆದುಕೊಂಡದ್ದು ಇದರಲ್ಲೇ.

‘ಎನ್‌ಪಿ ಡಾಟ್ ಫ್ಲೋಟ್ (np.float) ಇಲ್ಲ’ ಎಂಬ ಎರರ್ ಬಂದರೆ ಅದು ಬೇರೆ ಕಾಯಿಲೆ. ಆ ಹೆಸರನ್ನು ನಮ್‌ಪೈ 1.24ರಲ್ಲೇ ತೆಗೆದಿದ್ದಾರೆ, ಕೋಡಿನಲ್ಲಿ ಬರಿಯ ಫ್ಲೋಟ್ ಎಂದು ತಿದ್ದಿ.

ಕೋಡ್ ಓಡಿದ ದಿನವೇ ಪಿಪ್ ಫ್ರೀಜ್ ಕೊಡುವ ಆವೃತ್ತಿಗಳ ಪಟ್ಟಿಯನ್ನು ತಾರೀಖಿನ ಹೆಸರಿನಲ್ಲಿ ಮಳೆ ಫೈಲುಗಳ ಪಕ್ಕದಲ್ಲೇ ಇಡಿ. ಮುಂದಿನ ಹೊಸ ಲೈಬ್ರರಿಯನ್ನು ಬೇರೆ ಎನ್ವಿರಾನ್‌ಮೆಂಟ್ (ಲೈಬ್ರರಿಗಳ ಪ್ರತ್ಯೇಕ ಜಾಗ) ಮಾಡಿಕೊಂಡು ಅಲ್ಲಿ ಪರೀಕ್ಷಿಸಿ.