ಬೆಳಕು ಸೋರಬೇಕು, ಆದ್ರೆ ಬೇಗ ಸೋರಬಾರದು

ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಬೇಸಿಗೆಯಲ್ಲಿ ಮೆಣಸಿನ ಬಳ್ಳಿಗೆ ನೀರು ಬಿಡಲು ಅಪ್ಪ ಮೊಳೆ ಕಾಯಿಸಿ ಕಪ್ಪು ಪೈಪಿಗೆ ತೂತು ಹಾಕುತ್ತಿದ್ದರು. ಒಂದು ಸಲ ಆ ಕೆಲಸ ನನಗೆ ಬಿತ್ತು. ಎಲ್ಲಾ ತೂತನ್ನೂ ದೊಡ್ಡದಾಗೇ ಹಾಕಿಬಿಟ್ಟೆ. ಮೊದಲ ನಾಲ್ಕು ಬಳ್ಳಿಯ ಬುಡ ಕೆಸರಾಯಿತು, ಕೊನೆಯ ಬಳ್ಳಿಗೆ ಹನಿಯೂ ತಲುಪಲಿಲ್ಲ. ಈಗ ಚಿಪ್ ಮೇಲೆ ಬೆಳಕಿನ ಆಂಟೆನಾ ವಿನ್ಯಾಸ ಮಾಡುತ್ತೇನೆ, ಅಂದರೆ ದೂರದ ವಸ್ತು ಗುರುತಿಸಲು ಬೆಳಕಿನ ಕಿರಣವನ್ನು ಹೊರಬಿಡುವ ಪಟ್ಟಿ. ತಲೆನೋವು ಅದೇ.

ಚಿಪ್ಪಿನಲ್ಲಿ ಬೆಳಕು ಹರಿಯುವುದು 500 ನ್ಯಾನೊಮೀಟರ್ ಅಗಲ, 220 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಪಟ್ಟಿಯಲ್ಲಿ. ಅದರ ಮೇಲೆ ಸುಮಾರು 600 ನ್ಯಾನೊಮೀಟರಿಗೊಂದರಂತೆ ಗೀರು ಹಾಕುತ್ತೇವೆ. ಪ್ರತಿ ಗೀರಿನಲ್ಲೂ ಒಂಚೂರು ಬೆಳಕು ಹೊರಬಂದು, ಎಲ್ಲ ಸೇರಿ ಒಂದೇ ದಿಕ್ಕಿಗೆ ಹೋಗುತ್ತದೆ. ಗೀರನ್ನು ಪೂರ್ತಿ ಆಳಕ್ಕೆ ಕೊರೆದರೆ ಮೊದಲ ಕೆಲವು ಹತ್ತು ಮೈಕ್ರಾನಿನಲ್ಲೇ (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೊಮೀಟರ್) ಬೆಳಕು ಖಾಲಿ. ಆಮೇಲಿನ ಪಟ್ಟಿ ಸುಮ್ನೆ ದಂಡ. ಬೆಳಕಿನ ಅಲೆಯುದ್ದ 1550 ನ್ಯಾನೊಮೀಟರ್ ಇದ್ದಾಗ, 20 ಮೈಕ್ರಾನ್ ಉದ್ದದ ಆಂಟೆನಾ ಬಿಟ್ಟ ಕಿರಣ 100 ಮೀಟರ್ ದೂರದಲ್ಲಿ ಎಂಟು ಮೀಟರ್ ಹತ್ತಿರ ಹರಡಿಬಿಡುತ್ತದೆ. ಅದೇ ಆಂಟೆನಾ 1 ಮಿಲಿಮೀಟರ್ ಉದ್ದವಿದ್ದರೆ 15 ಸೆಂಟಿಮೀಟರ್ ಅಷ್ಟೇ. ಹಾಗಾಗಿ ಹತ್ತಿಪ್ಪತ್ತು ನ್ಯಾನೊಮೀಟರ್ ಆಳ ಮಾತ್ರ ಕೆರೆಯುತ್ತೇವೆ, ಅದೂ ಶುರುವಿನಲ್ಲಿ ಕಡಿಮೆ, ತುದಿಯ ಕಡೆ ಜಾಸ್ತಿ. ಅಪ್ಪ ಆವತ್ತು ಪೈಪು ಬದಲಿಸಿ ತೂತು ಹಾಕಿದ್ದೂ ಹೀಗೇ.

ಇನ್ನೊಂದು ಕಾಟ: ಬೆಳಕು ಮೇಲಕ್ಕಷ್ಟೇ ಸೋರುವುದಿಲ್ಲ, ಕೆಳಕ್ಕೂ ಸೋರುತ್ತದೆ. ಎರಡು ಪದರದಲ್ಲಿ ಗೀರು ಹಾಕಿ, ಒಂದನ್ನು ತುಸು ಸರಿಸಿಟ್ಟರೆ ಬಹುಪಾಲು ಮೇಲಕ್ಕೆ ಬರುತ್ತದೆ.

ಕಿರಣ ತಿರುಗಿಸಲು ಇಂಥ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಪುಟ್ಟ ಹೀಟರಿನಿಂದ ಒಂದೊಂದರ ಅಲೆಯನ್ನೂ ಹಿಂದೆ ಮುಂದೆ ಮಾಡುತ್ತೇವೆ. ಪಟ್ಟಿಗಳ ನಡುವಿನ ಅಂತರ 775 ನ್ಯಾನೊಮೀಟರ್, ಅಂದರೆ ಅರ್ಧ ಅಲೆಯುದ್ದ, ದಾಟಿದರೆ ಬೇಡದ ದಿಕ್ಕಿಗೆ ಹೋಗುವ ನಕಲಿ ಕಿರಣಗಳು ಹುಟ್ಟಿಕೊಳ್ಳಲು ಶುರು. 2013ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಒಂದೇ ಚಿಪ್ಪಿನಲ್ಲಿ 4096 ಆಂಟೆನಾ ಕೂರಿಸಿದ್ದರು, ಅಂತರ 9 ಮೈಕ್ರಾನ್. ಅಷ್ಟಿದ್ದರೆ ಹತ್ತು ಡಿಗ್ರಿಗೊಂದು ನಕಲು. ಹಾಗಂತ ಒತ್ತೊತ್ತಾಗಿ ಇಟ್ಟರೆ ಬೆಳಕು ಪಕ್ಕದ ಪಟ್ಟಿಗೆ ಹಾರುತ್ತದೆ. ಅಗಲ ಬೇರೆಬೇರೆ ಮಾಡಿದರೆ ಹಾರುವುದು ತಗ್ಗುತ್ತದೆ. ಆದರೆ ಆಗ ಗೀರಿನ ಅಂತರವನ್ನೂ ಅಗಲಕ್ಕೆ ತಕ್ಕಂತೆ ಬದಲಿಸಬೇಕು, ಇಲ್ಲದಿದ್ದರೆ ಒಂದೊಂದು ಪಟ್ಟಿ ಒಂದೊಂದು ಕಡೆ ನೋಡುತ್ತದೆ. ನಾನು ಇದನ್ನು ಮರೆತು ಎರಡು ವಾರ ಹಾಳು ಮಾಡಿಕೊಂಡಿದ್ದೇನೆ.

ಊರಿಗೆ ಹೋದಾಗ ಮಾವ ಕೇಳಿದರು, "ಇದನ್ನ ತೋಟದಲ್ಲಿಟ್ರೆ ಮಂಜಲ್ಲೂ ಆನೆ ಕಾಣ್ತದಾ?" ಇಲ್ಲ ಮಾವ. ಮಂಜಿನ ಹನಿ ಈ ಬೆಳಕಿನ ಅಲೆಗಿಂತ ದೊಡ್ಡದು. ಕಣ್ಣಿಗೆ ಕಾಣುವ ಬೆಳಕನ್ನು ಚೆದುರಿಸುವ ಹಾಗೇ ಇದನ್ನೂ ಚೆದುರಿಸಿಬಿಡುತ್ತದೆ.